ಚರಗಕ್ಕೆ ಹೊರಟ ಜೀಪು

ನಮ್ಮ ಮನೆಗೆ ಜೀಪು ಬಂದ ದಿನದಿಂದ ನಮ್ಮ ಮನೆಯವರು ಎತ್ತುಗಳ ಕಡೆ ನೋಡುವುದನ್ನೇ ಬಿಟ್ಟರು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಗೋದಲಿಯ ಮುಂದೆ ನಿಂತು ಎತ್ತುಗಳ ಕುತ್ತಿಗೆ ತುರಿಸುತ್ತಿದ್ದ ಮನುಷ್ಯ, ಈಗ ಜೀಪಿನ ಮುಂದೆ ನಿಂತು ಗಾಜು ಒರೆಸತೊಡಗಿದರು. ಒರೆಸುವುದಕ್ಕೆ ನನ್ನ ಹಳೆಯ ಇಳಕಲ್ ಸೀರೆಯ ತುಂಡೇ ಆಗಬೇಕು. ನನ್ನ ಮುಖವನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ನನಗೆ ನೆನಪಿಲ್ಲ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಊರು ಇಂಡಿಗೂ ಸಿಂದಗಿಗೂ ನಡುವೆ, ಪೂರ್ತಿ ಎರೆ ಭೂಮಿಯಲ್ಲಿದೆ. ಎರೆ ಮಣ್ಣು ಕಾಣದವರಿಗೆ ಹೇಳುತ್ತೇನೆ. ಒಣಗಿದಾಗ ಅದು ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ನೆನೆದಾಗ ಕಾಲು ಬಿಡುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೂ ಒಂದೊಂದು ಕೂಸು ಜೋತುಬಿದ್ದ ಹಾಗೆ ಆಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಾರೆ. ಅಂಥ ನೆಲಕ್ಕೆ ಜೀಪು ತಂದ ಮೇಲೆ ನಮ್ಮ ಮನೆಯವರು ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು.

"ಜೀಪ ಬಂದ ಮ್ಯಾಲ ಎತ್ತ ಯಾಕ ಬೇಕ? ಕುಂತ ತಿಂತಾವ. ಬಾಗೇವಾಡಿ ದನದ ಪ್ಯಾಟಿಗೆ ಹೊಡದಬಿಡ್ತೇನಿ. ಹೊಲದ ಕೆಲಸಕ್ಕ ಬಾಡಿಗಿ ಎತ್ತ ಸಿಗ್ತಾವ."

ಎತ್ತುಗಳ ಮೇಲೆ ನನಗೆ ಮಮತೆ ಉಕ್ಕುತ್ತಿತ್ತು ಎಂದು ಯಾರೂ ತಿಳಿಯಬೇಡಿ. ಎಡಗಡೆಯದು ಒದೆಯುತ್ತಿತ್ತು, ಬಲಗಡೆಯದು ಸೀರೆ ತಿನ್ನುತ್ತಿತ್ತು. ಆದರೆ ಗಾಡಿ ಹೂಡುವುದು ನನಗೆ ಬರುತ್ತಿತ್ತು. ತವರಾದ ಸಾಲೋಟಗಿಗೆ ಹೋಗಬೇಕು ಅನಿಸಿದ ದಿನ ಯಾರನ್ನೂ ಕೇಳದೆ ಎತ್ತು ಹೂಡಿ, ಹಗ್ಗ ಹಿಡಿದು ಹೊರಟುಬಿಡುತ್ತಿದ್ದೆ. ಅತ್ತೆ ತಡೆಯುತ್ತಿರಲಿಲ್ಲ. ಅವರಿಗೂ ನಡುನಡುವೆ ನಾನು ಮನೆಯಲ್ಲಿಲ್ಲದಿದ್ದರೆ ಹಿತವಾಗುತ್ತಿತ್ತು. ಜೀಪು ಬಂದ ವಾರದಲ್ಲಿ ಒಮ್ಮೆ, "ಸಾಲೋಟಗಿಗೆ ಬಿಟ್ಟ ಬರ್ರಿ" ಎಂದು ಕೇಳಿ ನೋಡಿದೆ.

"ಪೆಟ್ರೋಲ್ ಬಾವ್ಯಾಗ ಬರ್ತೈತೇನ? ದೀಪಾವಳಿಗೆ ನೋಡೂಣು" ಎಂದರು.

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಎತ್ತು ಹೋದರೆ ನನ್ನ ಕಾಲು ಹೋದ ಹಾಗೆ. ಆಮೇಲೆ ತವರಿಗೆ ಹೋಗಬೇಕೆಂದರೆ ಗಂಡನ ಮನಸ್ಸು ಬರಬೇಕು, ಪೆಟ್ರೋಲೂ ಇರಬೇಕು. ಆ ಎರಡೂ ಒಂದೇ ದಿನ ಕೂಡಿ ಬರುವುದನ್ನು ಕಾಯುವ ತಾಳ್ಮೆ ನನಗಿರಲಿಲ್ಲ.

ನನ್ನ ನಾದಿನಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು. ಆಕೆಯ ಗಂಡ, ನಮ್ಮ ಮನೆಯ ಅಳಿಯ, ದಸರೆಗೆ ಬಂದವರು ಸೀಗಿ ಹುಣ್ಣಿಮೆಯವರೆಗೂ ನಮ್ಮಲ್ಲೇ ಉಳಿದಿದ್ದರು. ಕಂಜಿ ಹಾಕಿದ ಬಿಳಿ ಧೋತರ, ಬಿಳಿ ಅಂಗಿ, ಮಾತು ಜಾಸ್ತಿ. ಅವರು ಜೀಪಿನ ಗಾಲಿ ಒದ್ದು ನೋಡಿ ಹೇಳಿದರು: "ನಮ್ಮ ಕಡೆ ಎರಿ ಹೊಲಕ್ಕ ಹೊಡ್ಯಾವ್ರು ಹಲ್ಲಿನ ಗಾಲಿ ಹಾಕಸ್ತಾರಪಾ. ಇಲ್ಲಂದ್ರ ಸರಪಳಿನರ ಸುತ್ತತಾರ."

"ಕಂಪನ್ಯಾವ್ರು ಹುಚ್ಚರೇನ ಮಾಮಾ? ಎಲ್ಲಾ ವಿಚಾರ ಮಾಡೇ ಮಾಡಿರ್ತಾರ. ಬಂದಂಗ ಇರ್ಲಿ. ಒಂದ ಮೊಳಿನೂ ಹೆಚ್ಚಿಗಿ ಹೊಡ್ಯಾಂಗಿಲ್ಲ."

"ಹಂಗಾದ್ರ ನೀ ಡಾಂಬರ ಮ್ಯಾಲ ಅಷ್ಟ ಹುಲಿ."

ಈ ಮಾತು ನಮ್ಮ ಮನೆಯವರಿಗೆ ಚುಚ್ಚಿತು. ಅತ್ತೆಯ ಎದುರಿಗೇ ಹೇಳಿಬಿಟ್ಟರು: "ಯವ್ವಾ, ಈ ಸೀಗಿ ಹುಣ್ಣಿವಿಗೆ ಚರಗದ ಬುಟ್ಟಿ ಜೀಪಿನ್ಯಾಗ ಒಯ್ಯೋದು. ಹೊಲದಾಗಿನ ಬನ್ನಿ ಗಿಡದ ಬುಡಕ ಜೀಪ ನಾ ತಂದ ನಿಂದರ್ಸಿದ್ನೆಪಾ ಅಂದ್ರ ಎತ್ತ ಮಾರೋದು. ತರಲಿಲ್ಲಂದ್ರ ಈ ಜನ್ಮದಾಗ ಆ ಮಾತ ತಗ್ಯಾಂಗಿಲ್ಲ."

"ಆತು" ಎಂದರು ಅತ್ತೆ. ಅತ್ತೆ ಒಮ್ಮೆ "ಆತು" ಎಂದರೆ ಅದು ಕೋರ್ಟಿನ ತೀರ್ಪು.

ಸೀಗಿ ಹುಣ್ಣಿಮೆಯ ಹೊತ್ತಿಗೆ ಭೂಮಿ ತುಂಬಿದ ಬಸುರಿ ಎಂದು ನಮ್ಮ ಲೆಕ್ಕ. ಬಸುರಿಗೆ ಬಯಕೆ ಇರುತ್ತದಲ್ಲ, ಅದಕ್ಕೆ ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಬಾನ ಎಲ್ಲ ಮಾಡಿ ಹೊಲಕ್ಕೆ ಒಯ್ದು, ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಹೊಲದ ತುಂಬ ಎಡೆ ಚೆಲ್ಲುತ್ತೇವೆ. ಅದೇ ಚರಗ. ಹೊತ್ತು ನೆತ್ತಿಯಿಂದ ಇಳಿಯುವುದರೊಳಗೆ ಚೆಲ್ಲಬೇಕು. ಅಲ್ಲಿಯವರೆಗೆ ಯಾರ ಬಾಯಿಗೂ ತುತ್ತಿಲ್ಲ.

ಅದಕ್ಕೂ ಮೊದಲು, ನಮ್ಮ ಮನೆಯವರು ಆ ಮಾತು ಆಡಿದ ಮರುದಿನವೇ, ದಸರೆಯ ಆಯುಧ ಪೂಜೆ. ನಮ್ಮ ಮನೆಯಲ್ಲಿ ಅಂದು ನೇಗಿಲು, ಕುಂಟೆ, ಕುಡುಗೋಲು, ಎಲ್ಲಕ್ಕೂ ವಿಭೂತಿ ಹಚ್ಚಿ ಅರಿಷಿಣದ ದಾರ ಕಟ್ಟುತ್ತೇವೆ. ಕಟ್ಟುವವಳು ಸೊಸೆ. ಆ ದಾರವನ್ನು ಸೀಗಿ ಹುಣ್ಣಿಮೆಯ ದಿನ ಹೊಲದಲ್ಲೇ ಬಿಚ್ಚಬೇಕು, ಅದಕ್ಕೂ ಮೊದಲು ಮುಟ್ಟುವ ಹಾಗಿಲ್ಲ. ಅತ್ತೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಆ ವರ್ಷ ಜೀಪಿಗೂ ಪೂಜೆಯಾಯಿತು.

ಜೀಪು ತಂದುಕೊಟ್ಟ ವಿಜಾಪುರದ ಚಾಲಕ ಅಂಗಳದಲ್ಲಿ ನಮ್ಮ ಮನೆಯವರಿಗೆ ಪಾಠ ಹೇಳುವಾಗ ನಾನು ಪಕ್ಕದಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದೆ. ನನ್ನ ಓದು ಎರಡನೇ ಇಯತ್ತೆಗೆ ಮುಗಿದಿತ್ತು, ಕಿವಿ ಮುಗಿದಿರಲಿಲ್ಲ. ಉದ್ದ ಕೋಲಿನ ಪಕ್ಕದಲ್ಲಿರುವ ಗಿಡ್ಡ ಕೋಲನ್ನು ದೂಡಿದರೆ ಮುಂದಿನ ಗಾಲಿಗಳೂ ಎಳೆಯುತ್ತವೆ, ಕೆಸರಿನಲ್ಲಿ ಅದೇ ಗತಿ ಎಂದು ಆತ ಹೇಳಿದ್ದ. ಪೂಜೆಯ ದಿನ ನಾನು ಗಾಲಿಗೊಂದು, ಸ್ಟೇರಿಂಗಿಗೊಂದು ದಾರ ಕಟ್ಟಿದೆ. ಗಿಡ್ಡ ಕೋಲಿಗೆ ಮಾತ್ರ ಭಕ್ತಿ ಸ್ವಲ್ಪ ಜಾಸ್ತಿಯಾಯಿತು. ಉಂಡೆಯಲ್ಲಿ ಉಳಿದ ದಾರವನ್ನೆಲ್ಲ ಅದಕ್ಕೇ ಸುತ್ತಿ, ಸೀಟಿನ ಕೆಳಗಿನ ಸಲಾಕೆಗೆ ಎಳೆದು ಬಿಗಿದು, ಗಂಟಿನ ಮೇಲೆ ಗಂಟು ಹಾಕಿ, ಮೇಲೊಂದು ಚೆಂಡು ಹೂ ಸಿಕ್ಕಿಸಿದೆ. ಬಹಳ ಚೆಂದ ಕಾಣುತ್ತಿತ್ತು.

ಡಾಂಬರು ರಸ್ತೆಗೆ ಆ ಕೋಲು ಬೇಕಾಗುವುದಿಲ್ಲ. ಹಾಗಾಗಿ ಹುಣ್ಣಿಮೆಯವರೆಗೆ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಹುಣ್ಣಿಮೆಯ ಹಿಂದಿನ ದಿನವೆಲ್ಲ ಮಳೆ. ಬೆಳಿಗ್ಗೆ ಬಿಸಿಲು ಬಂತು, ಆದರೆ ಹೊಲ ಹಿಟ್ಟು ನಾದಿಟ್ಟ ಹಾಗಿತ್ತು. ಅತ್ತೆ ನೀರಿನ ಕೊಡ, ಮಕ್ಕಳು, ಇಬ್ಬರು ಆಳುಗಳನ್ನು ಎತ್ತಿನ ಗಾಡಿಯಲ್ಲಿ ಮಡ್ಡಿಯ ಮೇಲಿನ ಕಲ್ಲುದಾರಿಯಿಂದ ಮೊದಲೇ ಕಳಿಸಿದರು. ಸುತ್ತು ದಾರಿ, ಗಾಡಿ ಹೋಗುವಷ್ಟೇ ಅಗಲ, ಆದರೆ ಹೂಳುವ ಭಯವಿಲ್ಲ. ನಮ್ಮ ಮನೆಯವರು ಹಳ್ಳದ ಪಕ್ಕದ ನೇರ ದಾರಿಯನ್ನೇ ಹಿಡಿದರು. ಅತ್ತೆ ಮುಂದೆ ಕೂತರು, ನಾನು ಮತ್ತು ಮುದ್ದೇಬಿಹಾಳದ ಅಳಿಯ ಹಿಂದೆ, ನಮ್ಮ ನಡುವೆ ಚರಗದ ಬುಟ್ಟಿಗಳು.

ನಮ್ಮ ಹೊಲದ ಬದುವಿನವರೆಗೆ ಜೀಪು ಸೊಂಟ ಕುಣಿಸುತ್ತ ಬಂತು. ಮುಂದಿನ ಗಾಲಿಗಳು ಬದು ಹತ್ತಿ ಇಳಿದವು. ಹಿಂದಿನವು ಬದುವಿನ ಈಚೆಗೆ ಗೊರ್ ಎಂದು ಸುತ್ತಿ, ಸುತ್ತಿ, ಕೂತುಬಿಟ್ಟವು. ಅಲ್ಲಿಂದ ನೋಡಿದರೆ ಬನ್ನಿ ಗಿಡ, ಗಿಡದ ನೆರಳಲ್ಲಿ ನಮ್ಮ ಎತ್ತುಗಳು, ಅವು ಮೆಲುಕು ಹಾಕುವುದು ಎಲ್ಲ ಕಾಣುತ್ತಿತ್ತು.

ನಮ್ಮ ಮನೆಯವರ ಕೈ ಗಿಡ್ಡ ಕೋಲಿಗೆ ಹೋಯಿತು. ಅಲ್ಲೇ ನಿಂತಿತು.

"ಯಾರ ಕಟ್ಯಾರಿದನ್ನ?"

"ನಾನರಿ. ಪೂಜಿದು" ಎಂದೆ.

"ಯವ್ವಾ, ಈ ದಾರ ಒಂದೀಟ ಬಿಚ್ಚಲೇನ?"

"ಹೊಲಕ್ಕ ಮುಟ್ಟಿದ ಮ್ಯಾಲ ಬಿಚ್ಚು" ಎಂದರು ಅತ್ತೆ, ಮುಖ ಕೂಡ ತಿರುಗಿಸದೆ.

"ಹೊಲಕ್ಕ ಮುಟ್ಟಾಕನ ಬಿಚ್ಚಬೇಕಾಗೇತಿ!"

"ಕಂಪನ್ಯಾವ್ರು ಎಲ್ಲಾ ವಿಚಾರ ಮಾಡಿರ್ತಾರ ಅಂದ್ಯಲ್ಲಪಾ?" ಎಂದು ಹಿಂದಿನಿಂದ ಅಳಿಯ ಕೇಳಿದರು.

ಪಕ್ಕದ ಹೊಲದಲ್ಲಿ ಚರಗ ಮುಗಿಸಿ ಕೂತಿದ್ದ ಹೆಂಗಸರು ಎದ್ದು ನಿಂತರು. ಒಬ್ಬಳು ಕೂಗಿದಳು: "ಅಕ್ಕಾ, ಜೀಪಿಗೂ ಮೇವ ಹಾಕ್ರಿ, ಎದ್ದೀತು!" ನಮ್ಮ ಮನೆಯವರ ಕಿವಿ ಕೆಂಪಾದವು. ಹೊತ್ತು ಏರುತ್ತಿತ್ತು.

ದೂಡದೆ ಗತಿಯಿರಲಿಲ್ಲ. ಎತ್ತಿನ ಗಾಡಿಯ ಆಳುಗಳನ್ನು ಕರೆಯಲು ನಮ್ಮ ಮನೆಯವರಿಗೆ ಅಭಿಮಾನ ಬಿಡಲಿಲ್ಲ, ಹಾಗಾಗಿ ದೂಡುವುದಕ್ಕೆ ಗಂಡಸರು ಇಬ್ಬರೇ. ಅತ್ತೆಯನ್ನು ಕೆಳಗಿಳಿಸಿದರೆ ಕೆಸರಿನಿಂದ ಅವರನ್ನು ಕೀಳುವುದು ಇನ್ನೊಂದು ಕೆಲಸ. ಹಾಗಾಗಿ ಸ್ಟೇರಿಂಗಿನ ಮುಂದೆ ನನ್ನನ್ನು ಕೂಡಿಸಿದರು. ಉದ್ದ ಕೋಲನ್ನು ಮೊದಲನೇ ಗೇರಿಗೆ ಅವರೇ ಹಾಕಿದರು.

"ಎಡಗಾಲಿಂದು ಒತ್ತಿ ಹಿಡಿ. ನಾ ಹೂಂ ಅಂದಾಗ ಮೆಲ್ಲಕ ಬಿಡು, ಬಲಗಾಲಿಂದು ಒತ್ತು. ಮತ್ತೇನೂ ಮುಟ್ಟಬ್ಯಾಡ. ನಿನಗ ತಿಳಿಯಾಂಗಿಲ್ಲ."

"ಹೂನ್ರಿ" ಎಂದೆ.

ಮೊದಲ ಸಲ ಬಿಟ್ಟೆ. ಹಿಂದಿನ ಗಾಲಿಗಳು ಅಲ್ಲೇ ತಿರುಗಿ ಕೆಸರನ್ನು ಎತ್ತಿ ಎತ್ತಿ ಒಗೆದವು. ತಿರುಗಿ ನೋಡಿದರೆ ಮುದ್ದೇಬಿಹಾಳದ ಧೋತರ ನಮ್ಮ ಹೊಲದ ಬಣ್ಣಕ್ಕೆ ಬಂದಿತ್ತು. ಅಳಿಯ ಬಾಯಿಯಿಂದ ಮಣ್ಣು ಉಗುಳುತ್ತ ಏನೋ ಅಂದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಷ್ಟು ಹೊತ್ತಿಗೆ ನನಗೊಂದು ಹುಚ್ಚು ಹತ್ತಿತ್ತು. ಕಾಲಿನ ಕೆಳಗೆ ಆ ಯಂತ್ರ ಗುರ್ ಎನ್ನುವುದು, ಸ್ವಲ್ಪ ಒತ್ತಿದರೆ ಜಾಸ್ತಿ ಗುರ್ ಎನ್ನುವುದು. ಎತ್ತುಗಳು ಎಂದೂ ನನ್ನ ಮಾತನ್ನು ಅಷ್ಟು ಬೇಗ ಕೇಳಿದ್ದಿಲ್ಲ. ಎತ್ತು ಉಳಿಯಬೇಕಾದರೆ ನಾನು ಸುಮ್ಮನೆ ಕೂತರೆ ಸಾಕಾಗಿತ್ತು. ಕೂಡಲು ಆಗಲಿಲ್ಲ. ಒಂದು ಸಲ, ಒಂದೇ ಸಲ, ಇದು ಓಡುವುದನ್ನು ನೋಡಬೇಕು ಅನಿಸಿತು.

"ಅತ್ತಿ, ಮುಂದಿನ ಗಾಲಿ ಬದು ದಾಟ್ಯಾವ. ನಮ್ಮ ಹೊಲದಾಗ ಅದಾವ" ಎಂದೆ.

ಅತ್ತೆ ಬಗ್ಗಿ ಗಾಲಿ ನೋಡಿದರು. ನೆತ್ತಿಗೆ ಬರುತ್ತಿದ್ದ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹೊಲ ಅಂದ ಮ್ಯಾಲ ಹೊಲಾನ. ಬಿಚ್ಚು. ಭೂಮಿತಾಯಿ ಹಸ್ತಾಳ."

ಬಿಚ್ಚಲು ಹೋದರೆ ಗಂಟು ಬರಲಿಲ್ಲ. ನಾನೇ ಹಾಕಿದ್ದು, ಬರುವುದಾದರೂ ಹೇಗೆ. ಅತ್ತೆ ಬುಟ್ಟಿಯಿಂದ ಕಾಯಿ ಹೋಳು ಮಾಡುವ ಕುಡುಗೋಲು ತೆಗೆದು ಕೊಯ್ದರು. ನಾನು ಎಡಗಾಲು ಒತ್ತಿ ಹಿಡಿದು, ಗಿಡ್ಡ ಕೋಲನ್ನು ಆ ಚಾಲಕ ತೋರಿಸಿದ ಕಡೆಗೆ ದೂಡಿದೆ. ಕಟ್ ಎಂದು ಕೂತಿತು. ಹಿಂದಿನಿಂದ "ಹೂಂ!" ಎಂದು ಕೂಗು ಬಂತು. ಬಾವಿಯಲ್ಲಿ ತುಂಬಿದ ಕೊಡದ ಹಗ್ಗವನ್ನು ಬಿಡುವ ಹಾಗೆ ಎಡಗಾಲು ಮೆಲ್ಲಗೆ ಬಿಟ್ಟೆ.

ಮುಂದಿನ ಗಾಲಿಗಳು ನೆಲ ಕಚ್ಚಿದವು. ಜೀಪು ಒಮ್ಮೆ ಕೆಮ್ಮಿ, ಬದುವಿನ ಮೇಲೆ ಮೂತಿಯೆತ್ತಿ, ಧಡ್ ಎಂದು ಆಚೆ ಬಿತ್ತು. ಬಿದ್ದದ್ದೇ ಹೊರಟಿತು. ಹಿಂದೆ ಮೈಯೆಲ್ಲ ಭಾರ ಹಾಕಿ ದೂಡುತ್ತಿದ್ದ ಇಬ್ಬರು ಗಂಡಸರಿಗೆ ಆತುಕೊಳ್ಳಲು ಏನೂ ಉಳಿಯಲಿಲ್ಲ. ಇಬ್ಬರೂ ಮುಖ ಅಡಿಯಾಗಿ ಭೂಮಿತಾಯಿಗೆ ನಮಸ್ಕಾರ ಮಾಡಿದರು.

"ನಿಂದರ್ಸ! ಲೇ, ನಿಂದರ್ಸ!" ಎಂದು ನಮ್ಮ ಮನೆಯವರು ಕೂಗಿದ್ದು ಕೇಳಿಸಿತು. ನಿಲ್ಲಿಸುವುದನ್ನು ಅವರು ಹೇಳಿಕೊಟ್ಟಿರಲಿಲ್ಲ. ನಾನು ಎಡಕ್ಕೆ ಬಲಕ್ಕೆ ಸ್ಟೇರಿಂಗನ್ನು ಹಗ್ಗದ ಹಾಗೆ ಜಗ್ಗಿದೆ. ಜೀಪು ಹಾವಿನ ಹಾಗೆ ಹರಿಯಿತು. ಮಳೆ ಬಿಡದೆ ಜೋಳದ ಬಿತ್ತನೆ ಇನ್ನೂ ಆಗಿರಲಿಲ್ಲ, ಹಾಗಾಗಿ ಹಾಳಾಗುವುದೇನೂ ಇರಲಿಲ್ಲ. ಅಂಚಿನ ಒಂದು ಸಾಲು ತೊಗರಿ ಮಾತ್ರ ಮಲಗಿತು. ಅತ್ತೆ ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಕುಡುಗೋಲು ಹಿಡಿದು, "ಹೋ ಹೋ ಹೋ" ಎಂದು ಎತ್ತಿಗೆ ಹೇಳುವ ಹಾಗೆ ಜೀಪಿಗೆ ಹೇಳುತ್ತಿದ್ದರು. ಹೆದರಿದ್ದಾರೆ ಅಂದುಕೊಂಡೆ. ಓರೆಗಣ್ಣಿನಿಂದ ನೋಡಿದರೆ ಅವರು ನಗುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರ ಹಲ್ಲು ನಾನು ನೋಡಿದ್ದು ಅಂದೇ.

ಬನ್ನಿ ಗಿಡ ಹತ್ತಿರ ಬಂದಾಗ ಎರಡೂ ಕಾಲು ಎತ್ತಿಬಿಟ್ಟೆ. ಜೀಪು ಕೆಸರಿನಲ್ಲಿ ಒದ್ದಾಡಿ, ನಮ್ಮ ಎತ್ತುಗಳ ಮೂತಿಯ ಮುಂದೆ ಉಸಿರು ಬಿಟ್ಟು ನಿಂತಿತು. ಎಡಗಡೆಯ ಎತ್ತು ಅದರ ಬಂಪರ್ ಮೂಸಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು.

ಪೂಜೆ ಮಾಡಿ ಚರಗ ಚೆಲ್ಲಿದೆವು. ಹೊತ್ತು ಇನ್ನೂ ನೆತ್ತಿಯಲ್ಲೇ ಇತ್ತು. ಗಂಡಸರು ನಡೆದು ಬರುವ ಹೊತ್ತಿಗೆ ಎಲೆ ಹಾಸಿತ್ತು. ನಮ್ಮ ಮನೆಯವರ ಒಂದು ಚಪ್ಪಲಿ ಕೆಸರಿನಲ್ಲೇ ಉಳಿದಿತ್ತು, ಕಣ್ಣು ಬಿಟ್ಟರೆ ಮುಖದಲ್ಲಿ ಬಿಳಿಯದೇನೂ ಇರಲಿಲ್ಲ. ಆದರೂ ಎದೆ ಸೆಟೆಸಿಕೊಂಡೇ ಬಂದರು.

"ನೋಡಿದೇನವ್ವಾ? ಜೀಪ ಗಿಡದ ಬುಡಕ ಐತಿ. ಎತ್ತ ಮಾರೋದ ನಕ್ಕಿ."

"ಜೀಪ ಐತಿ" ಎಂದರು ಅತ್ತೆ ಕಡುಬು ಬಡಿಸುತ್ತ. "ನೀ ಎಲ್ಲಿದ್ದಿ?"

"ಹಿಂದ ದೂಡಾಕತ್ತಿದ್ನಿ!"

"ನಾ ತಂದ ನಿಂದರಸ್ತೇನಿ ಅಂದಾವ ನೀ. ತಂದ ನಿಂದರ್ಸಿದಾಕಿ ಇಕಿ. ನೀ ನಡಕೋತ ಬಂದಿ, ನಾ ಕಣ್ಣಾರೆ ನೋಡೇನಿ."

"ಯವ್ವಾ, ಜೀಪ ನಂದು!"

"ಮಾತೂ ನಿಂದಽ. ನನ್ನ ಮುಂದ ಆಡಿದ್ದು."

ನಮ್ಮ ಮನೆಯವರು ಸಹಾಯಕ್ಕೆಂದು ಅಳಿಯನ ಕಡೆ ನೋಡಿದರು. ಅಳಿಯ ಕಿವಿಯೊಳಗಿನ ಮಣ್ಣು ತೆಗೆಯುತ್ತಿದ್ದರು. "ನಂಗ ಕೇಳಬ್ಯಾಡಪಾ. ಡಾಂಬರ ಮ್ಯಾಲಿನ ಹುಲಿ ಯಾವ್ದು, ರಾಡ್ಯಾಗಿನ ಹುಲಿ ಯಾವ್ದು ಇವತ್ತ ನೋಡಿದ್ನಿ" ಎಂದರು.

ಕೊನೆಗೆ ನನ್ನ ಕಡೆ ತಿರುಗಿದರು. "ನೀ ಏನಂತಿ?"

"ನಾ ಏನ ಅನ್ಲಿರಿ? ನಂಗೇನ ತಿಳಿತೈತಿ? ಎತ್ತ ಇರ್ಲಿ. ಮಾರಬೇಕನಿಸಿದ್ರ ಜೀಪ ಮಾರ್ರಿ."

ಅತ್ತೆ ಕೊಯ್ದ ದಾರದ ಗಂಟನ್ನು ಬನ್ನಿ ಗಿಡದ ಬುಡದಲ್ಲಿ ಇಡುವ ಮೊದಲು ಕೈಯಲ್ಲಿ ತೂಗಿ ನೋಡಿದರು. ನನಗಷ್ಟೇ ಕೇಳುವ ಹಾಗೆ, "ಇಷ್ಟ ಗಂಟ ಯಾಕ ಹಾಕಿದ್ದಿ?" ಎಂದರು.

"ಗಟ್ಟಿ ಇರ್ಲಿ ಅಂತ್ರಿ."

"ಹೂಂ" ಎಂದು ಇನ್ನೊಂದು ಹೋಳಿಗೆ ನನ್ನ ಎಲೆಗೆ ಹಾಕಿದರು.

ವಾಪಸು ಬರುವಾಗ ಹಳ್ಳದ ದಾರಿ ಬೇಡ ಎಂದು ನಮ್ಮ ಮನೆಯವರೇ ಹೇಳಿದರು. ಎಲ್ಲರೂ ಮಡ್ಡಿಯ ಕಲ್ಲುದಾರಿ ಹಿಡಿದೆವು. ನಾನು ಎತ್ತು ಹೂಡಿ, ಮಕ್ಕಳನ್ನೂ ಅತ್ತೆಯನ್ನೂ ಕೂಡಿಸಿಕೊಂಡು ಮೊದಲೇ ಹೊರಟಿದ್ದೆ. ಅರ್ಧ ದಾರಿಯಲ್ಲಿ ಜೀಪು ಬೆನ್ನಿಗೆ ಬಂತು. ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಪಕ್ಕಕ್ಕೆ ಸರಿದು ಬಿಡಬಹುದಾದ ಜಾಗ ಒಂದೆರಡು ಕಡೆ ಇತ್ತು. ಎತ್ತುಗಳಿಗೆ ಹಾರ್ನಿನ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಗ್ಗ ಸಡಿಲ ಬಿಟ್ಟು, ಊರು ಬರುವವರೆಗೂ ಅವುಗಳ ನಡಿಗೆಯಲ್ಲೇ ಹೋದೆ.