ಉಚ್ಚೆ ವಿಚಾರಿಸುತ್ತಿದ್ದ ಗೌರಮ್ಮ

ಬೇರೆಯವರು ಊಟ ಆಯಿತಾ ಎಂದು ಕೇಳಿದರೆ, ಎಮ್ಮೆ ಸಾಕಿದ್ದ ಗೌರಮ್ಮ ಕೇಳುತ್ತಿದ್ದುದು "ಉಚ್ಚೆ ಸಲೀಸಾ?" ಎಂದು. ಹಿನಕಲ್‌ನ ನಮ್ಮ ಬೀದಿಯಲ್ಲಿ ಹಾಲು ಅಳೆಯುತ್ತಾ ಎಲ್ಲರನ್ನೂ ಕೇಳುವಳು. ಬಾಡಿಗೆಗಿದ್ದ ಕಾಲೇಜು ಹುಡುಗಿಯರು ನಾಚಿ ಓಡುವರು. "ಯಾಕ್ರವ್ವ ಓಡ್ತೀರಿ? ನಮ್ಮೆಮ್ಮೆ ಯಾವತ್ತಾದ್ರೂ ನಾಚ್ಕಂಡದಾ?" ದೊಡ್ಡ ಹೆಂಗಸು, ದೊಡ್ಡ ಗಂಟಲು. ಗುಟ್ಟು ಹೇಳಿದರೂ ರಿಂಗ್ ರೋಡಿಗೆ ಕೇಳಬೇಕು.

ನನ್ನ ಮಗಳ ಮಾವ, ಅಂದರೆ ನಮ್ಮ ಬೀಗರು, ಕಣ್ಣಿನ ಆಪರೇಷನ್‌ಗೆಂದು ಬಂದು ನಮ್ಮ ಹಾಲ್‌ನಲ್ಲಿ ಮಂಚ ಹಾಕಿಸಿಕೊಂಡರು. ಬಚ್ಚಲಿಗೆ ಅವರ ಮುಂದೆಯೇ ಹೋಗಬೇಕು. ಬೀಗರ ಮುಂದೆ ಗಳಿಗೆಗೊಂದು ಸಲ ಹೇಗೆ ಹೋಗುವುದು? ನೀರು ಕುಡಿಯುವುದನ್ನೇ ಬಿಟ್ಟೆ, ಬಂದದ್ದನ್ನು ತಡೆದೆ. ವಾರದೊಳಗೆ ಉರಿ ಹತ್ತಿಕೊಂಡಿತು, ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಆಮೇಲೆ ಚಳಿಜ್ವರ, ಸೊಂಟದ ಮೇಲೆ ನೋವು. ಯಾರಿಗೂ ಹೇಳಲಿಲ್ಲ.

ಹಾಲಿಗೆ ಪಾತ್ರೆ ಹಿಡಿದಾಗ ಗೌರಮ್ಮ ಕಂಡುಹಿಡಿದಳು. "ಅದ್ಯಾಕೆ ಕಾಲ್ ಹೆಣ್ಕಂಡ್ ನಿಂತಿದ್ದೀಯೆ? ಮುಖ ನೋಡು, ಸುಟ್ಟ ಬದ್ನೆಕಾಯಿ ಆಗದೆ. ನಡಿ ಡಾಕ್ಟರ ತಾವ್ಕೆ."

"ಮೆಲ್ಲಗೆ ಮಾತಾಡೇ, ಒಳಗೆ ಬೀಗರವ್ರೆ."

"ನಿಮ್ ಬೀಗ್ರು ಉಚ್ಚೆ ಉಯ್ಯಲ್ವಾ?"

ಒಳಗೆ ಟಿವಿ ಸದ್ದು ಜೋರಾಯಿತು.

ಡಾಕ್ಟರಮ್ಮ ಉಚ್ಚೆ ಪರೀಕ್ಷೆಗೆ ಡಬ್ಬಿ ಕೊಟ್ಟು, ಮೊದಲು ಬಂದದ್ದನ್ನು ಬಿಟ್ಟು ನಡುವಿನದು ಹಿಡಿಯಿರಿ ಎಂದರು. ತಲೆಯಾಡಿಸಿದವಳು ಗೌರಮ್ಮ. "ಗೊತ್ತು ಕಣಮ್ಮ. ಹಾಲ್ ಕರೆಯೋವಾಗ ಮೊದಲ್ನೇ ಧಾರೆ ನೆಲಕ್ಕೆ ಬುಡಲ್ವಾ, ಅಂಗೇ."

ಅಲ್ಲಿನ ಬಚ್ಚಲಿಗೆ ಹೋಗಿ ಕೂತೆ. ಒಂದು ಹನಿ ಬರಲಿಲ್ಲ. ಬಾಗಿಲಾಚೆ ಗೌರಮ್ಮ, ಎಳೆಮಕ್ಕಳನ್ನು ಕಾಲ ಮೇಲೆ ಕೂರಿಸಿಕೊಂಡು ಮಾಡುವ ಹಾಗೆ, "ಸ್ಸ್ ಸ್ಸ್ ಸ್ಸ್" ಎಂದು ಶುರು ಮಾಡಿದಳು. ನನಗೆ ನಗು. ನಕ್ಕರೆ ಡಬ್ಬಿ ಅಲ್ಲಾಡುತ್ತದೆ. ಅಷ್ಟರಲ್ಲಿ ಬಾಗಿಲು ದಬದಬ. ಸಾಲಿನಲ್ಲಿ ಕೂತಿದ್ದ ಬಸುರಿಗೂ ಸಕ್ಕರೆ ಕಾಯಿಲೆಯ ಮುದುಕನಿಗೂ ಒಟ್ಟಿಗೇ ಅವಸರವಾಗಿತ್ತು. "ಅಮ್ಮಾ, ಆ ಸದ್ದು ನಿಲ್ಸ್ರಮ್ಮ, ತಡ್ಯಕ್ಕಾಯ್ತಿಲ್ಲ!" ಎಂದು ಮುದುಕ ಕೂಗಿದ. ನಗುನಗುತ್ತಲೇ ಡಬ್ಬಿ ತುಂಬಿತು.

ಅವತ್ತೇ ಮಾತ್ರೆ ಶುರುವಾಯಿತು. ಆಮೇಲೆ ಬಂದ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಸೋಂಕು ಕಿಡ್ನಿಗೆ ಹತ್ತುತ್ತಿದೆ, ಇನ್ನೂ ಮುಚ್ಚಿಟ್ಟಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದರು ಡಾಕ್ಟರಮ್ಮ. ಉರಿ ನಿಂತರೂ ಮಾತ್ರೆ ಮುಗಿಸಬೇಕು, ನೀರು ಕುಡಿಯಬೇಕು, ತಡೆಯಬಾರದು. ಗೌರಮ್ಮ ಎರಡು ಹೊತ್ತೂ ಬಂದು ಎದುರಿಗೇ ನುಂಗಿಸಿದಳು. "ಆ ಅನ್ನು. ನಾಲಿಗೆ ಎತ್ತು." ಎಮ್ಮೆಗೂ ಇಷ್ಟು ಹಿಂಸೆ ಕೊಟ್ಟಿರಲಾರಳು.

ಎಮ್ಮೆ ಮಾರಿ ಮಂಡಕಳ್ಳಿಯ ತನ್ನ ಮಗಳ ಮನೆಗೆ ಹೊರಟ ದಿನ ಗೌರಮ್ಮ ಹೇಳಿಹೋಗಲು ಬಂದಳು. ಬೀಗರು ಎರಡನೇ ಕಣ್ಣಿಗೆಂದು ಬಂದು ಮಂಚದ ಮೇಲಿದ್ದರು. ಕಾಫಿ ಕೊಟ್ಟು ಕೂತೆ, ಅವಸರವಾಯಿತು. "ಉಚ್ಚೆಗ್ ಹೋಗ್ಬತ್ತೀನಿ" ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿ ಎದ್ದೆ. ವಾಪಸು ಬರುವಷ್ಟರಲ್ಲಿ ಅವಳ ಆಟೋ ಹೊರಟುಹೋಗಿತ್ತು. ಮತ್ತೆ ನೋಡಲಿಲ್ಲ, ಮಳೆಗಾಲಕ್ಕೆ ಮುಂಚೆ ಸತ್ತಳು.

ಅವತ್ತು ಹೊರಡುವಾಗ ಗೌರಮ್ಮ ನನಗೆಂದು ಏನಾದರೂ ಹೇಳಿದಳೇ ಎಂದು ಬೀಗರನ್ನು ಕೇಳಿದೆ. ಅವರು ನೆಲ ನೋಡಿದರು, ಫ್ಯಾನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅವಸರ ಮಾಡ್ದೆ, ಪೂರ್ತಿ ಉಯ್ದು ಬರ್ಬೇಕಂತೆ."