ಒಲೆಯ ಹಿಂದಿನ ಗೋಡೆ

ಸಿರುಗುಪ್ಪದ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುತ್ತೇನೆ. ಕೇಂದ್ರಕ್ಕೊಂದು ಪಟ್ಟಿ, ರಾಜ್ಯಕ್ಕೊಂದು ಪಟ್ಟಿ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ ಇನ್ನೊಂದು. ಪ್ರತಿವರ್ಷ ಅದೇ ಪಾಠ, ಅದೇ ಜೋಕು. ಆ ಪಾಠ ಎದ್ದುಹೋಗಿ ಕುರುಗೋಡಿನಲ್ಲಿ ನಮ್ಮ ಅಕ್ಕನ ಅಡುಗೆಮನೆಯ ಗೋಡೆಗೆ ಒರಗಿ ನಿಲ್ಲುತ್ತದೆಂದು ನನಗೆ ಹೊಳೆದಿರಲಿಲ್ಲ. ಜಗತ್ತಿನ ಉಳಿದೆಲ್ಲ ಸಂಗತಿಗಳ ಬಗ್ಗೆ ಮುಂಚಿತವಾಗಿ ಚಿಂತೆ ಮಾಡಿಟ್ಟಿರುವ ಮನುಷ್ಯ ನಾನು. ಇದೊಂದು ಬಿಟ್ಟುಹೋಗಿತ್ತು.

ಅಕ್ಕ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ನಾನು ಮನೆ ಮಾಡಿರುವ ಬಳ್ಳಾರಿಯ ಖಾನಾವಳಿಗಳಿಗೆ ದಿನಾ ಬೆಳಗಿನ ಬಸ್ಸಿನಲ್ಲಿ ಅವಳ ರೊಟ್ಟಿ ಬರುತ್ತದೆ. ಭಾವ ತೀರಿಕೊಂಡ ಮೇಲೆ ಅವಳನ್ನು ನಡೆಸಿದ್ದು ಆ ಒಲೆಯೇ. ಒಲೆಯ ಹಿಂದಿನ ಕಲ್ಲುಮಣ್ಣಿನ ಗೋಡೆ ಹೋದ ಮಳೆಗಾಲದಲ್ಲಿ ಹೊಟ್ಟೆ ಬಿಟ್ಟುಕೊಂಡು ಅವಳ ಕಡೆಗೇ ಬಾಗಿತು. ಗೌಂಡಿ ಬಂದು ತಟ್ಟಿ ನೋಡಿದ.

"ಇದಕ್ಕ ಸಿಮೆಂಟ್ ಮೆತ್ತಿದ್ರ ಸಿಮೆಂಟ್ ಸುದ್ದಾ ಬೀಳತೈತ್ರಿ. ಕೆಡವಿ ಹೊಸದಾಗಿ ಕಟ್ಟಬೇಕು."

ಕೆಡವುವುದಕ್ಕೆ ಯಾರ ತಕರಾರೂ ಇರಲಿಲ್ಲ. ಪುರಸಭೆಯವರಂತೂ ಪಕ್ಕದ ಓಣಿಯಲ್ಲಿ ಮಕ್ಕಳು ಓಡಾಡುತ್ತಾರೆ, ಮಳೆಗೆ ಮುಂಚೆ ಕೆಡವಿ ಎಂದು ನೋಟಿಸು ಅಂಟಿಸಿಯೇ ಹೋದರು. ಕಟ್ಟುವುದೇ ಕಷ್ಟ. ಹಿತ್ತಲಿನಾಚೆ ಒಂದು ಹಳೆಯ ಕಲ್ಲುಗುಡಿ ಇದೆ, ಸಂರಕ್ಷಿತ ಸ್ಮಾರಕ. ಅದರ ಎದುರಿನ ನೀಲಿ ಬೋರ್ಡಿನ ಅಕ್ಷರಗಳು ಮಾಸಿಹೋಗಿದ್ದವು. ರಾಜ್ಯದ ಪುರಾತತ್ವ ಇಲಾಖೆಯದೇ ಇರಬೇಕೆಂದು ನಾನೇ ತೀರ್ಪು ಕೊಟ್ಟುಕೊಂಡು ಅರ್ಧ ಬೇಸಿಗೆ ಅವರ ಕಚೇರಿಗೆ ಅಲೆದೆ. ಗುಡಿ ಕೇಂದ್ರದ್ದು ಎಂದು ಕೊನೆಗೆ ತಿಳಿಸಿದ ಗುಮಾಸ್ತರು, "ತಾವು ಏನ್ ಕೆಲಸ ಮಾಡ್ತೀರಿ ಸರ?" ಎಂದು ವಿಚಾರಿಸಿದರು. ಬ್ಯಾಂಕಿನಲ್ಲಿ ಎಂದೆ.

ಆಮೇಲೆ ಕೇಂದ್ರದ ಕಡೆಯವರು ಬಂದರು. ಗುಡಿಯಿಂದ ನೂರು ಮೀಟರಿನೊಳಗೆ ಹೊಸದೇನನ್ನೂ ಕಟ್ಟುವಂತಿಲ್ಲ ಎಂದು ಟೇಪು ಹಿಡಿದು ಅಳೆದರು. ಹಿತ್ತಲು ದಾಟಿ, ಬಾಗಿದ ಗೋಡೆ ದಾಟಿ, ಒಲೆ ದಾಟಿ ಬಂದ ಟೇಪು ಅಡುಗೆಮನೆಯ ಹೊಸ್ತಿಲಲ್ಲಿ ನೂರು ಮುಟ್ಟಿತು. ಪಡಸಾಲೆ ಹೊರಗುಳಿಯಿತು.

ಹಿಟ್ಟಿನ ಕೈಯಲ್ಲೇ ನಿಂತಿದ್ದ ಅಕ್ಕ ಕೇಳಿದಳು: "ಅಂದ್ರ ನಾ ಒಲಿ ಮುಂದ ಕುಂತ್ರ ದಿಲ್ಲಿಯಾಕಿ, ಪಡಸಾಲಿಗೆ ಬಂದ್ರ ಬೆಂಗಳೂರಾಕಿ ಏನ್ರಿ ಸಾಹೇಬ್ರ?"

ಆ ಅಧಿಕಾರಿ ಒಳ್ಳೆಯವರು, ನಕ್ಕರು. "ರಿಪೇರಿಗೆ ಅರ್ಜಿ ಕೊಡಿ ತಾಯಿ, ನೋಡೋಣ. ಆದರೆ ಪೂರ್ತಿ ಕೆಡವಿ ಕಟ್ಟಿದರೆ ಅದು ರಿಪೇರಿ ಅಲ್ಲ, ಹೊಸ ಕಟ್ಟಡ."

ಅವರನ್ನು ಬೈಯುವ ಸುಖವೂ ನನಗಿಲ್ಲ. ಆ ಕಾನೂನು ಇಲ್ಲದಿದ್ದರೆ ಗುಡಿಯ ಕಂಬಕ್ಕೆ ಯಾರಾದರೂ ಲಾಡ್ಜಿನ ಮೆಟ್ಟಿಲು ಹಚ್ಚಿರುತ್ತಿದ್ದರು. ಪುರಸಭೆಯವರು ಹೇಳಿದ್ದೂ ಸರಿಯೇ.

ಮುಂದಿನ ವಾರ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಪಟ್ಟಿ ಬರೆಯುವಾಗ ಕೈ ನಿಂತಿತು. ಹಳೆಯ ಸ್ಮಾರಕ, ಪುರಾತನ ನೆಲೆ ಎಂದು ಈ ಬಾಬತ್ತು ಮೂರೂ ಪಟ್ಟಿಗಳಲ್ಲಿ ಇದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ, ಎರಡೂ ಸರ್ಕಾರ ಒಂದಕ್ಕೊಂದು ಉಲ್ಟಾ ಹೇಳಿದ್ರ ಯಾರ ಮಾತು ನಡೀತೈತ್ರಿ?" ಸಮವರ್ತಿ ಪಟ್ಟಿಯಲ್ಲಾದರೆ ಸಾಮಾನ್ಯವಾಗಿ ಕೇಂದ್ರದ್ದು ಎಂದು ಬಾಯಿ ತಾನಾಗಿ ಹೇಳಿತು. ಬಸ್ಸಿನಲ್ಲಿ ಬಳ್ಳಾರಿಗೆ ಮರಳುವಾಗ ಆ ಉತ್ತರವನ್ನೇ ಮತ್ತೆ ತಿರುವಿಹಾಕಿದೆ. ಇಲ್ಲಿ ಯಾರೂ ಉಲ್ಟಾ ಹೇಳಿಲ್ಲವಲ್ಲ. ಒಬ್ಬರು ಕೆಡವು ಅಂದಿದ್ದಾರೆ, ಒಬ್ಬರು ಕಟ್ಟಬೇಡ ಅಂದಿದ್ದಾರೆ. ಎರಡನ್ನೂ ಚಾಚೂ ತಪ್ಪದೆ ಪಾಲಿಸಬಹುದು. ಪಾಲಿಸಿದರೆ ಅಕ್ಕನಿಗೆ ಗೋಡೆ ಇರುವುದಿಲ್ಲ, ಅಷ್ಟೆ.

ಭಾನುವಾರಗಳಲ್ಲಿ ಕುರುಗೋಡಿಗೆ ಹೋಗಿ ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಬರುತ್ತಿದ್ದೆ. ಮರುವಾರ ಬಿರುಕು ಗೆರೆ ದಾಟಿ ಮುಂದೆ ಹೋಗಿರುತ್ತಿತ್ತು. ಪಡಸಾಲೆಯಲ್ಲಿ ಒಲೆ ಹಾಕು ಎಂದರೆ ಅಕ್ಕ ಹೊಗೆ ಹೋಗಲು ದಾರಿಯಿಲ್ಲ ಅನ್ನುವಳು. ಬಳ್ಳಾರಿಗೆ, ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಾ ಎಂದರೆ, "ನಿನ್ನ ಜೋಡಿ ಇದ್ರ ಗ್ವಾಡಿ ಬೀಳೂದಕ್ಕ ಮೊದಲ ಚಿಂತಿಲೇ ಸಾಯ್ತೀನಿ" ಅನ್ನುವಳು. ಗೋಡೆಗೆ ಎರಡು ತೊಲೆ ಆನಿಸಿ ಅವುಗಳ ಮಧ್ಯೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ಬಡಿತಕ್ಕೂ ಗೋಡೆಯಿಂದ ಮಣ್ಣು ಉದುರುತ್ತಿತ್ತು.

ಮೊದಲ ಮಳೆ ಬಿದ್ದ ಮರುದಿನ ಪುರಸಭೆಯವರು ಹಾರೆ ಹಿಡಿದು ಬಂದರು. ಸುದ್ದಿ ಕೇಳಿ ನಾನೂ ಓಡಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ನೀ ಓದಿದಾವ ಅದೀಯಲ್ಲಪ, ಹೇಳು. ಕೆಡವಲೋ, ಬ್ಯಾಡೋ?"

"ಕೆಡವಿದ್ರ ಮತ್ತ ಕಟ್ಟಾಕ ಬರಂಗಿಲ್ಲಕ್ಕಾ."

"ಅದು ಗೊತ್ತೈತಿ. ಕೇಳಿದ್ದಕ್ಕ ಹೇಳು."

ಹಾರೆ ಹಿಡಿದವರೂ ನನ್ನ ಮುಖ ನೋಡಿದರು. ಕೆಡವಿಬಿಡ್ರಿ ಅಂದೆ.

ಮಧ್ಯಾಹ್ನದ ಹೊತ್ತಿಗೆ ಒಲೆಯ ಹಿಂದೆ ಏನೂ ಇರಲಿಲ್ಲ. ಹಿತ್ತಲಿನಾಚೆಯ ಗುಡಿ ಸ್ಪಷ್ಟವಾಗಿ ಕಾಣುತ್ತಿತ್ತು, ಬಹಳ ಚೆಂದದ ಗುಡಿ. ಗೋಡೆಯ ಜಾಗಕ್ಕೆ ತಾಡಪತ್ರಿ ಕಟ್ಟಿ ಬಂದೆವು. ಗೋಡೆ ಕಟ್ಟಲು ಕೇಂದ್ರದವರಿಗೆ ಅರ್ಜಿ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ.

ಈಗ ಬಳ್ಳಾರಿಯ ಕೋಟೆಗುಡ್ಡದ ಮೇಲೆ ಮೋಡ ಕಟ್ಟಿದರೆ ನಾನು ಫೋನು ಹಚ್ಚುತ್ತೇನೆ. ನಿನ್ನೆಯೂ ಹಚ್ಚಿದೆ.

"ಒಲಿ ಹತ್ತೇತೇನಕ್ಕಾ?"

"ಮೂರ್ ಸಲ ಹಚ್ಚೀನಿ, ಆರತೈತಿ. ಇವತ್ತು ಖಾನಾವಳ್ಯಾರಿಗೆ ರೊಟ್ಟಿ ಇಲ್ಲಂತ ಹೇಳಿಬಿಡು."

ತಾಡಪತ್ರಿ ಪಟಪಟ ಹೊಡೆದುಕೊಳ್ಳುವುದು ಫೋನಿನಲ್ಲಿ ಕೇಳುತ್ತಿತ್ತು. ನಾಳೆ ಎಂದು ಏನೋ ಹೇಳಲು ಬಾಯಿ ತೆರೆದೆ. ಅವಳು, "ನಾಳಿಗೂ ಇಲ್ಲಂತ ಹೇಳು" ಅಂದಳು.