ಬೇರು ಮೇಷ್ಟ್ರ ಕುಡುಗೋಲು

ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಆ ಮೇಷ್ಟ್ರನ್ನು ಬೀದಿಯವರೆಲ್ಲ ಬೇರು ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಏಕೆಂದರೆ ಕಿವಿಗೆ ಬಿದ್ದ ಯಾವ ಪದವನ್ನೂ ಅವರು ಬೇರುಸಹಿತ ಕೀಳದೆ ಬಿಡುತ್ತಿರಲಿಲ್ಲ. ಅವರಿಗೆ ಎಲ್ಲಕ್ಕಿಂತ ಮುದ್ದಿನದು ಲ್ಯಾಟಿನ್ನಿನ ‘ಫಾಲ್ಕ್ಸ್’, ಎಂದರೆ ಕುಡುಗೋಲು. ಹಾಲಿನವನನ್ನು ಬಾಗಿಲಲ್ಲೇ ತಡೆದು, “ಡೇಗೆ ಹಕ್ಕಿಗೆ ಫಾಲ್ಕನ್ ಅಂತಾರಲ್ಲ, ಅದರ ಉಗುರು ನೋಡಿದೀಯಾ? ಥೇಟ್ ಕುಡುಗೋಲು ಕಣಯ್ಯ!” ಎಂದು ಶುರುಮಾಡಿದರೆ ಹಾಲು ಒಡೆದರೂ ಮಾತು ಮುಗಿಯುತ್ತಿರಲಿಲ್ಲ. ಒಮ್ಮೆಯಂತೂ ಕ್ಷೌರದ ಕುರ್ಚಿಯಿಂದ ಅರ್ಧ ಗಡ್ಡದಲ್ಲೇ ಎದ್ದು, ಬಾಗಿದ ಕತ್ತಿಗೆ ಫಾಲ್ಷನ್ ಎನ್ನುವುದೇಕೆಂದು ಕನ್ನಡಿಯ ಮೇಲೆ ನೊರೆಯಲ್ಲೇ ಬರೆದು ತೋರಿಸಿದ್ದರು. “ನಿಮ್ಮ ಕುಡುಗೋಲಿಗಿಷ್ಟು ಬೆಂಕಿ ಹಾಕ, ಮೊದಲು ಸೊಪ್ಪು ಬಿಡಿಸಿಕೊಡಿ” ಎಂದು ಹೆಂಡತಿ ನಲವತ್ತು ವರ್ಷವೂ ಗದರುತ್ತಲೇ ಬಂದರು. ಮೊನ್ನೆ ಡಾಕ್ಟರು ಆಕೆಯ ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು, “ಮಿದುಳಿನ ಎರಡು ಹೋಳಿನ ನಡುವೆ ಒಂದು ಪೊರೆ ಇರುತ್ತೆ, ಫಾಲ್ಕ್ಸ್ ಅಂತ. ಗಡ್ಡೆ ಅಲ್ಲಿದೆ. ತೆಗೆಯೋಕಾಗಲ್ಲ” ಎಂದರು. ಆಕೆ ಗಂಡನತ್ತ ತಿರುಗಿ ಮೆಲ್ಲಗೆ ಕೇಳಿದರು: “ನಿಮ್ಮ ಕುಡುಗೋಲೇ ಅಲ್ವೇನ್ರೀ ಇದು?” ಮೇಷ್ಟ್ರು ಗೋಡೆ ನೋಡುತ್ತ, “ಅದಲ್ಲ ಕಣೇ. ಇದರ ಬೇರು ನಂಗೊತ್ತಿಲ್ಲ” ಎಂದರು. ಅವರ ಬಾಯಿಂದ ಆ ಮಾತನ್ನು ಎಂದೂ ಕೇಳಿರದ ಆಕೆ ಅವರ ಕೈ ಹಿಡಿದುಕೊಂಡರು.